ಹೇರಿಗೊಂದು ಪಾಲು ಧರ್ಮಕ್ಕೆ

ಮೈಸೂರಿನ ಮಂಡಿ ಮೊಹಲ್ಲಾದ ಸಗಟು ಅಂಗಡಿಗಳ ನಡುವೆ ಬೆಳಗಿನ ಹೊತ್ತು ನಿಂತು ಕಿವಿಗೊಟ್ಟವರಿಗೆ, ಗೋಣಿಚೀಲಗಳನ್ನು ಇಳಿಸುವ ಹಮಾಲರ ಕೂಗಿನಲ್ಲಿಯೂ, ತೂಕದ ಬಳಿ ನಿಂತು ಲೆಕ್ಕ ಬರೆಯುವ ಗುಮಾಸ್ತರ ಎಣಿಕೆಯಲ್ಲಿಯೂ, ದಲ್ಲಾಳಿಗಳ ಮಾತಿನ ಏರಿಳಿತದಲ್ಲಿಯೂ ಕನ್ನಡ, ದಖನಿ ಉರ್ದು, ತಮಿಳು, ಮಾರವಾಡಿ, ಗುಜರಾತಿ, ಮಲಯಾಳ ಇವೆಲ್ಲವೂ ಒಂದರೊಡನೊಂದು ಬೆರೆತು ಕೇಳಿಬರುತ್ತವೆ. ಇದನ್ನು ಆಧುನಿಕ ನಗರಜೀವನದ ಒಂದು ಲಕ್ಷಣವೆಂದು ಭಾವಿಸುವವರು ಹಲವರು. ಆದರೆ ಕ್ರಿ.ಶ. 779ರಲ್ಲಿ, ಇಂದಿನ ರಾಜಸ್ಥಾನಕ್ಕೆ ಸೇರಿದ ಜಾಲೋರಿನಲ್ಲಿ, ಉದ್ಯೋತನಸೂರಿಯೆಂಬ ಜೈನ ಮುನಿಯು ಪ್ರಾಕೃತದಲ್ಲಿ ‘ಕುವಲಯಮಾಲಾ’ ಎಂಬ ಕಥಾಗ್ರಂಥವನ್ನು ರಚಿಸಿದಾಗ, ಅದರಲ್ಲಿ ಬರುವ ಕಡಲತಡಿಯ ಪಟ್ಟಣವೊಂದರ ಪೇಟೆಬೀದಿಯನ್ನು ವರ್ಣಿಸುತ್ತ, ದೇಶದೇಶಗಳಿಂದ ಬಂದು ನೆರೆದ ವರ್ತಕರ ರೂಪವನ್ನೂ ನಡೆನುಡಿಯನ್ನೂ ಒಂದೊಂದಾಗಿ ಹೇಳಿ, ಅವರವರ ಭಾಷೆಯ ತುಣುಕುಗಳನ್ನೂ ತನ್ನ ಕಿವಿಗೆ ಬಿದ್ದಂತೆ ಬರೆದಿಟ್ಟನು. ಆ ವರ್ತಕರ ಪಂಕ್ತಿಯಲ್ಲಿ ಕರ್ಣಾಟಕದವರೂ ಇದ್ದಾರೆ. ಪಂಪನು ಹುಟ್ಟುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ಕನ್ನಡಿಗ ವ್ಯಾಪಾರಿಯ ಮಾತಿನ ಧಾಟಿ ಅಷ್ಟು ದೂರದ ಒಬ್ಬ ಸಂನ್ಯಾಸಿಗೆ ಪರಿಚಿತವಾಗಿತ್ತೆಂಬುದು, ನಮ್ಮ ನಾಡಿನ ಚರಿತ್ರೆಯನ್ನು ಅರಸರ ವಂಶಾವಳಿಯಿಂದಲೇ ಕಲಿತ ನಮಗೆ ಸ್ವಲ್ಪ ನಿಂತು ಯೋಚಿಸಬೇಕಾದ ಸಂಗತಿ.

ಹಿಂದಿನ ಕಾಲದ ಮಂಡಿಗಳಲ್ಲಿ ರೈತನಿಗೆ ಕೊಡುತ್ತಿದ್ದ ಪಟ್ಟಿಯನ್ನು ಕಂಡ ಹಿರಿಯರಿಗೆ ನೆನಪಿರಬಹುದು: ದಲಾಲಿ, ಹಮಾಲಿ, ತೂಕದ ಕೂಲಿ ಇವುಗಳ ಕೆಳಗೆ ‘ಧರ್ಮ’ ಎಂಬ ಒಂದು ಬಾಬು ಇರುತ್ತಿತ್ತು. ಚೀಲವೊಂದಕ್ಕೆ ಇಷ್ಟೆಂದು ಹಿಡಿದ ಆ ಚಿಲ್ಲರೆ ಹಣ ಕೂಡಿಕೊಂಡು ಗುಡಿಯ ಉತ್ಸವಕ್ಕೋ ಛತ್ರಕ್ಕೋ ಅರವಟ್ಟಿಗೆಗೋ ಗೋಶಾಲೆಗೋ ಸಲ್ಲುತ್ತಿತ್ತು. ಕೃಷಿ ಮಾರುಕಟ್ಟೆಯ ಕಾನೂನುಗಳು ಬಂದು ಇಂಥ ಕಡಿತಗಳಿಗೆಲ್ಲ ತಡೆಯೊಡ್ಡಿದುದು ನ್ಯಾಯವೇ ಸರಿ. ಏಕೆಂದರೆ ವರ್ತಕನ ಹೆಸರಿನ ಧರ್ಮಕ್ಕೆ ಹಣ ತೆತ್ತವನು ಅನೇಕ ವೇಳೆ ಬೆಳೆದವನೇ ಆಗಿರುತ್ತಿದ್ದನು. ಆದರೂ ಆ ಬಾಬಿನ ಹಿಂದೆ ಸಾವಿರ ವರ್ಷಕ್ಕೂ ಮಿಕ್ಕಿದ ಒಂದು ಸಂಪ್ರದಾಯವಿದೆ; ಪರಸ್ಥಳದ ವರ್ತಕನು ತಾನು ಹೋಗಿ ನೆಲಸಿದ ಊರಿನಲ್ಲಿ, ಆ ಊರವರು ಪವಿತ್ರವೆಂದು ಬಗೆದುದಕ್ಕೆ ತನ್ನ ಸರಕಿನ ಒಂದು ಪಾಲನ್ನು ಒಪ್ಪಿಸಿ, ಆ ಮೂಲಕವೇ ಅಲ್ಲಿ ನಂಬಿಕೆಗೆ ಪಾತ್ರನಾಗುತ್ತಿದ್ದನೆಂಬುದನ್ನು ಕನ್ನಡ ನಾಡಿನ ಶಾಸನಗಳೂ ಕಡಲಾಚೆಯ ಶಾಸನಗಳೂ ಒಂದೇ ಸ್ವರದಲ್ಲಿ ಸಾರುತ್ತಿವೆ.

ಈ ಸಂಪ್ರದಾಯವನ್ನು ಅತ್ಯಂತ ವಿಸ್ತಾರವಾಗಿ ಬಾಳಿಸಿದವರು ಅಯ್ಯಾವೊಳೆಯ ಐನೂರ್ವರು. ಮಲಪ್ರಭೆಯ ದಂಡೆಯ ಐಹೊಳೆಯನ್ನು ನಾವು ಇಂದು ದೇವಾಲಯಗಳ ಊರೆಂದು ಬಲ್ಲೆವು. ಆದರೆ ಹತ್ತನೆಯ ಶತಮಾನದಿಂದ ಮುಂದಕ್ಕೆ ದಕ್ಷಿಣಾಪಥದಲ್ಲೆಲ್ಲ ಆ ಊರಿನ ಹೆಸರು ಮೊಳಗಿದುದು ಶಿಲ್ಪದಿಂದಲ್ಲ, ಅಲ್ಲಿಂದ ಹೆಸರು ಪಡೆದ ಈ ವರ್ತಕಸಂಘದಿಂದ. ಶಾಸನಗಳಲ್ಲಿ ಅವರು ತಮ್ಮನ್ನು ಸ್ವಾಮಿಗಳೆಂದು ಕರೆದುಕೊಂಡಿದ್ದಾರೆ. ಭಗವತಿಯ ವರವನ್ನು ಪಡೆದವರೆಂದೂ, ವೀರ ಬಣಂಜು ಧರ್ಮವನ್ನು, ಎಂದರೆ ವರ್ತಕಧರ್ಮವನ್ನು, ಪಾಲಿಸುವವರೆಂದೂ, ಹದಿನೆಂಟು ಪಟ್ಟಣ, ಮೂವತ್ತೆರಡು ವೇಳಾಪುರ, ಅರುವತ್ತನಾಲ್ಕು ಘಟಿಕಾಸ್ಥಾನಗಳಲ್ಲಿ ಹರಡಿದವರೆಂದೂ ಬಣ್ಣಿಸಿಕೊಂಡಿದ್ದಾರೆ. ಈ ಸಂಖ್ಯೆಗಳು ಗೌರವಾರ್ಥವಾದ ರೂಢಿಯ ಎಣಿಕೆಗಳು. ಇವುಗಳನ್ನು ಜನಗಣತಿಯಂತೆ ಓದಲಾಗದು. ಐನೂರ್ವರೆಂಬುದೂ ಐನೂರು ಮಂದಿಯ ಒಂದು ಕೂಟವಲ್ಲ. ಜಾತಿ, ಮತ, ಭಾಷೆಗಳು ಬೇರೆ ಬೇರೆಯಾದ ನಾನಾದೇಶಿ ವರ್ತಕರು ಒಂದು ಸಮಯಕ್ಕೆ, ಎಂದರೆ ಒಂದು ಕಟ್ಟಳೆಗೆ, ಒಳಗಾಗಿ ನಡೆದುಕೊಂಡ ವಿಶಾಲವಾದ ವ್ಯವಸ್ಥೆ. ಗವರೆಗಳು, ಗಾತ್ರಿಗರು, ಸೆಟ್ಟಿಗಳು, ಮುಮ್ಮುರಿದಂಡದವರು ಎಂಬ ಬೇರೆ ಬೇರೆ ವರ್ಗದವರೆಲ್ಲರೂ ಅದರ ನೆರಳಿನಲ್ಲಿದ್ದರು. ಊರೂರಿನ ನಖರಗಳೊಡನೆ, ಎಂದರೆ ವರ್ತಕರ ಸಭೆಗಳೊಡನೆ, ಅವರು ಕೂಡಿ ಕುಳಿತು ತೀರ್ಮಾನ ಮಾಡುತ್ತಿದ್ದರು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ, ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳ್ವಿಕೆಯ ಕಾಲದ, 1055ರ ಸುಮಾರಿನ ಒಂದು ಶಾಸನವಿದೆ. ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ 1902ರಲ್ಲಿ ಇದನ್ನು ಪ್ರಕಟಿಸಿದ ಮೇಲೆ, ಭಾರತದ ಪ್ರಾಚೀನ ವಾಣಿಜ್ಯದ ವಿಷಯವಾಗಿ ಬರೆದ ವಿದ್ವಾಂಸರಲ್ಲಿ ಇದನ್ನು ಸ್ಮರಿಸದವರು ವಿರಳ. ಐನೂರ್ವರು ಚೇರ, ಚೋಳ, ಪಾಂಡ್ಯ, ಮಲೆಯ, ಮಗಧ, ಕೋಸಲ, ಸೌರಾಷ್ಟ್ರ, ಕಾಂಭೋಜ, ಲಾಟ, ಪಾರಸ, ನೇಪಾಳ ಮೊದಲಾದ ದೇಶಗಳನ್ನು ನೆಲದ ದಾರಿಯಿಂದಲೂ ಜಲದ ದಾರಿಯಿಂದಲೂ ಹೊಕ್ಕು ಬಂದವರೆಂದು ಅದು ಹೇಳುತ್ತದೆ. ಈ ಪಟ್ಟಿಯ ಕೊನೆಯಲ್ಲಿ ಏಕಪಾದರ ನಾಡು, ಲಂಬಕರ್ಣರ ನಾಡು, ಸ್ತ್ರೀರಾಜ್ಯಗಳೂ ಬರುವುದನ್ನು ಕಂಡು ಕೆಲವರು ಇದೆಲ್ಲವೂ ಕವಿಯ ಕಲ್ಪನೆಯೆಂದು ತಳ್ಳಿಹಾಕಲು ಮುಂದಾಗುವುದುಂಟು. ಅಂಥವರು ದೇಶಗಳ ಪಟ್ಟಿಯನ್ನು ಬಿಟ್ಟು ಸರಕುಗಳ ಪಟ್ಟಿಯನ್ನು ನೋಡಬೇಕು. ಆನೆ, ಜಾತಿಗುದುರೆ, ಮುತ್ತು, ಮಾಣಿಕ್ಯ, ವಜ್ರ, ನೀಲ, ಹವಳ, ವೈಡೂರ್ಯಗಳ ಜೊತೆಗೆ ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿಗಳು ಅಲ್ಲಿ ಸಾಲಾಗಿ ನಿಂತಿವೆ. ಲವಂಗವು ಆಗ ಬೆಳೆಯುತ್ತಿದ್ದುದು ಇಂಡೋನೇಷ್ಯದ ಪೂರ್ವದ ತುದಿಯ ಮಲುಕು ದ್ವೀಪಗಳಲ್ಲಿ ಮಾತ್ರ. ಕೇಸರಿ ಬರಬೇಕಾದುದು ಕಾಶ್ಮೀರದಿಂದ ಅಥವಾ ಪಾರಸದಿಂದ. ಕಸ್ತೂರಿ ಹಿಮಾಲಯದ ಆಚೀಚೆಯಿಂದ. ಶ್ರೀಗಂಧ ಮತ್ತು ಏಲಕ್ಕಿ ನಮ್ಮ ಮಲೆನಾಡಿನವು. ಕಲ್ಪನೆಯ ದೇಶಗಳ ಹೆಸರನ್ನು ಕವಿ ಕಟ್ಟಬಲ್ಲನು. ಮಲುಕು ದ್ವೀಪದ ಲವಂಗವನ್ನು ಬಳ್ಳಿಗಾವೆಯ ಅಂಗಡಿಯಲ್ಲಿ ಕವಿಯ ಕಲ್ಪನೆಯಿಂದ ಮಾರಲಾಗದು. ಕತ್ತೆ, ಕೋಣಗಳ ಮೇಲೆ ಹೇರಿಕೊಂಡು ಸಗಟಾಗಿ ಮಾರುವವರನ್ನೂ, ಹೆಗಲ ಮೇಲೆ ಹೊತ್ತು ಊರೂರು ತಿರುಗಿ ಮಾರುವವರನ್ನೂ ಆ ಶಾಸನ ಒಟ್ಟಿಗೇ ಹೇಳುತ್ತದೆ; ಅರಸನ ಭಂಡಾರವನ್ನು ತುಂಬಿದವರು ಈ ಇಬ್ಬರೂ ಎಂಬ ಭಾವ ಅಲ್ಲಿದೆ.

ಕರ್ಪೂರದ ಮಾತನ್ನು ಇನ್ನಷ್ಟು ಬೆಳೆಸುವುದು ಉಚಿತ. ದೇವಸ್ಥಾನದ ತೀರ್ಥಕ್ಕೆ, ಸಿಹಿ ಪೊಂಗಲಿಗೆ ಹಾಕಲೆಂದು ಮೈಸೂರಿನ ಗ್ರಂಧಿಗೆ ಅಂಗಡಿಗಳಲ್ಲಿ ಇಂದಿಗೂ ಮಾರುವ ಪಚ್ಚಕರ್ಪೂರದ ಮೂಲವು, ಸುಮಾತ್ರ, ಬೋರ್ನಿಯೋ ದ್ವೀಪಗಳ ಕಾಡಿನಲ್ಲಿ ಬೆಳೆಯುವ ಮಹಾವೃಕ್ಷವೊಂದರ ಕಾಂಡದ ಬಿರುಕುಗಳಲ್ಲಿ ಹರಳುಗಟ್ಟುವ ದ್ರವ್ಯ. ಸುಮಾತ್ರದ ಪಶ್ಚಿಮ ತೀರದಲ್ಲಿರುವ ಬಾರುಸ್ ಎಂಬ ಬಂದರು ಈ ಕರ್ಪೂರಕ್ಕಾಗಿಯೇ ಅರಬ್ಬರಲ್ಲಿಯೂ ಚೀನೀಯರಲ್ಲಿಯೂ ಪ್ರಸಿದ್ಧವಾಗಿತ್ತು. ಅದರ ಸಮೀಪದ ಲೋಬು ತುವ ಎಂಬಲ್ಲಿ ಶಕ 1010ರ, ಎಂದರೆ ಕ್ರಿ.ಶ. 1088ರ, ತಮಿಳು ಶಾಸನವೊಂದು ದೊರೆತಿದೆ. ಹಾಕಿಸಿದವರು ಸಹಸ್ರ ದಿಕ್ಕುಗಳ ಐನೂರ್ವರು. ಕೆ.ಎ. ನೀಲಕಂಠ ಶಾಸ್ತ್ರಿಗಳು 1932ರಲ್ಲಿ ಇದನ್ನು ವಿವೇಚಿಸಿ ವಿದ್ವಲ್ಲೋಕದ ಗಮನಕ್ಕೆ ತಂದರು. ಬಂದರಿಗೆ ಬರುವ ಹಡಗಿನ ನಾಯಕರು ಮೊದಲಾದವರು, ಕಸ್ತೂರಿಯ ಬೆಲೆಯನ್ನು ಮಾನವಾಗಿಟ್ಟುಕೊಂಡು, ಚಿನ್ನದಲ್ಲಿ ಒಂದು ತೆರಿಗೆಯನ್ನು ಸಲ್ಲಿಸಿದ ಮೇಲೆಯೇ ಒಳಬರಬೇಕೆಂಬುದು ಸವೆದುಹೋದ ಆ ಶಾಸನದ ತಾತ್ಪರ್ಯ. ಕನ್ನಡ ನಾಡಿನ ಪೇಟೆಗಳಲ್ಲಿ ಹೇರಿನ ಮೇಲೆ ಎತ್ತುತ್ತಿದ್ದ ಪಾಲು ಬಾರುಸಿನಲ್ಲಿ ಹಡಗಿನ ಮೇಲೆ ಎತ್ತುವ ಪಾಲಾಗಿದೆ, ಅಷ್ಟೇ ವ್ಯತ್ಯಾಸ. ಶಾಸನದ ಭಾಷೆ ತಮಿಳಾದುದನ್ನು ಹಿಡಿದು ಇದು ನಮ್ಮವರದಲ್ಲವೆಂದು ದೂರ ಮಾಡುವುದೂ, ಸಂಘದ ಹೆಸರು ಐಹೊಳೆಯದೆಂದು ಇಡಿಯಾಗಿ ನಮ್ಮದೇ ಎಂದು ಹೆಮ್ಮೆಪಡುವುದೂ ಎರಡೂ ಸಲ್ಲವು. ಐನೂರ್ವರು ಕನ್ನಡ ನಾಡಿನಲ್ಲಿ ಕನ್ನಡದಲ್ಲಿ ಬರೆಸಿದರು. ಚೋಳದೇಶದಲ್ಲಿಯೂ ಅಲ್ಲಿಂದ ಹಡಗೇರಿ ಹೋದ ನಾಡುಗಳಲ್ಲಿಯೂ ತಮಿಳಿನಲ್ಲಿ ಬರೆಸಿದರು.

ಈ ಪಾಲು ಹೋಗುತ್ತಿದ್ದುದೆಲ್ಲಿಗೆ? ಇಲ್ಲಿಯೇ ನನ್ನ ಮನಸ್ಸಿಗೆ ಅತ್ಯಂತ ಪ್ರಿಯವಾದ ಸಂಗತಿಗಳು ಬರುತ್ತವೆ. ಬಳ್ಳಿಗಾವೆಯಲ್ಲಿ ಹರಿ, ಹರ, ಬ್ರಹ್ಮ, ಜಿನ, ಬುದ್ಧ ಈ ಐವರಿಗೂ ಮಠಗಳಿದ್ದುವೆಂದು ಶಾಸನಗಳು ಹೇಳುತ್ತವೆ. ಐದೂ ಬಗೆಯ ಉಪಾಸಕರು ಅಂಗಡಿಬೀದಿಯಲ್ಲಿದ್ದ ಊರಿಗೆ ಇದು ಸಹಜವೇ ಆಗಿತ್ತು. ಬೆಳಗಾವಿಯಲ್ಲಿ ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿಯಾದ ಬೀಚಣನು ಕಟ್ಟಿಸಿದ ಜಿನಾಲಯಕ್ಕೆ, ಕೋಟೆಯೊಳಗೆ ಇಂದು ಕಮಲ ಬಸದಿಯೆಂದು ಹೆಸರಾದ ಆ ಕಟ್ಟಡಕ್ಕೆ, 1204ರಲ್ಲಿ ದತ್ತಿ ಬಿಟ್ಟವರಲ್ಲಿ ಊರಿನ ವರ್ತಕರಷ್ಟೇ ಅಲ್ಲದೆ ಗುಜರಾತಿನ ಕಡೆಯ ಲಾಳರೂ ಮಲೆಯಾಳದ ವ್ಯಾಪಾರಿಗಳೂ ಸೇರಿದ್ದಾರೆ. ಕುದುರೆ ಮೊದಲ್ಗೊಂಡು ವೀಳ್ಯದೆಲೆಯವರೆಗೆ ಯಾವ ಸರಕಿಗೆ ಎಷ್ಟೆಂಬುದನ್ನು ಅವರೇ ಕೂಡಿ ಗೊತ್ತುಮಾಡಿದರು. ಎಣ್ಣೆಯಾದರೆ ಗಾಣಕ್ಕೊಂದು ಸೊಲಗೆ, ಎಲೆಯಾದರೆ ಹೇರಿಗೆ ಇಷ್ಟು ಎಂಬ ಇಂಥ ಕಟ್ಟುಗಳು ಕನ್ನಡ ನಾಡಿನ ನೂರಾರು ಶಾಸನಗಳಲ್ಲಿವೆ. ಓದುವವನಿಗೆ ಮೊದಮೊದಲು ಬೇಸರ ತರುವ ಈ ಸಾಲುಗಳೇ ಸಮಾಜಚರಿತ್ರೆಯ ದೃಷ್ಟಿಯಿಂದ ಪ್ರಶಸ್ತಿಯ ಪದ್ಯಗಳಿಗಿಂತ ಬೆಲೆಯುಳ್ಳವು. ಕಡಲಾಚೆಗೆ ಹೋದರೂ ಇದೇ ನಡವಳಿ. ಸಿಂಹಳದ ಪೊಲನ್ನರುವದಲ್ಲಿ, ಒಂದನೆಯ ವಿಜಯಬಾಹುವಿನ ತರುವಾಯ ಬುದ್ಧನ ದಂತಧಾತುವಿನ ಆಲಯವನ್ನು ಕಾಯುವೆವೆಂದು ವೇಳೈಕ್ಕಾರ ಪಡೆಯವರು ಪ್ರತಿಜ್ಞೆ ಮಾಡಿದಾಗ, ತಮ್ಮ ಹಿರಿಯರೆಂದು ಕರೆಸಿ ಮುಂದೆ ಕೂಡಿಸಿಕೊಂಡುದು ವಳಂಜೆಯರನ್ನು, ಎಂದರೆ ನಮ್ಮ ಬಣಂಜಿಗರ ವರ್ಗದವರನ್ನು. ಬರ್ಮದ ಪಗಾನಿನಲ್ಲಿ ಹದಿಮೂರನೆಯ ಶತಮಾನದಲ್ಲಿ ನಾನಾದೇಶಿಗಳ ಹೆಸರಿನ ವಿಷ್ಣುಗುಡಿಯೊಂದಕ್ಕೆ ಮಂಟಪವನ್ನು ಕಟ್ಟಿಸಿ ದೀಪವನ್ನು ಕೊಟ್ಟವನು ಕೇರಳದ ಮಹೋದಯಪಟ್ಟಣದವನು.

ಇವರೆಲ್ಲ ಹೊರಗೆ ಹೋದವರು. ಒಳಗೆ ಬಂದವರ ಕಥೆ ಇದಕ್ಕಿಂತ ಕಡಮೆ ರೋಚಕವಾದುದಲ್ಲ. ‘ಕವಿರಾಜಮಾರ್ಗ’ವು ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡನ್ನು ಗುರುತಿಸುತ್ತಿದ್ದ ಕಾಲದಲ್ಲಿಯೇ, 851ರಲ್ಲಿ, ಅರಬ್ಬೀ ಭಾಷೆಯಲ್ಲಿ ಚೀನ ಮತ್ತು ಹಿಂದ್ ದೇಶಗಳ ವೃತ್ತಾಂತವೊಂದು ಸಿದ್ಧವಾಯಿತು. ಲೋಕದ ನಾಲ್ವರು ಮಹಾರಾಜರೆಂದರೆ ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೂಮಿನ ಅರಸು ಮತ್ತು ಬಲ್ಹರಾ ಎಂದು ಅದು ಹೇಳುತ್ತದೆ. ಈ ಬಲ್ಹರಾ ಎಂದರೆ ವಲ್ಲಭರಾಜ, ಮಾನ್ಯಖೇಟದ ರಾಷ್ಟ್ರಕೂಟ ದೊರೆ; ಆ ಕಾಲಕ್ಕೆ ಅಮೋಘವರ್ಷ ನೃಪತುಂಗ. ಅರಬ್ಬರನ್ನು ಇವನಷ್ಟು ಪ್ರೀತಿಸುವ ಅರಸು ಇನ್ನಿಲ್ಲವೆಂಬ ಮಾತೂ ಅಲ್ಲಿದೆ. ಪರದೇಶದ ಪ್ರವಾಸಿಗಳ ಮೆಚ್ಚುನುಡಿಯನ್ನು ಪೂರ್ತಿಯಾಗಿ ನಂಬಬೇಕಾದುದಿಲ್ಲ. ಆದರೆ ಈ ಮಾತಿಗೆ ನಮ್ಮ ಕಡೆಯಿಂದಲೇ ಸಾಕ್ಷ್ಯವೊಂದಿದೆ.

1955ರಲ್ಲಿ ಅಂದಿನ ಠಾಣೆ ಜಿಲ್ಲೆಯ ಚಿಂಚಣಿಯಲ್ಲಿ ನೆಲದಿಂದ ಕೆಲವು ತಾಮ್ರಪಟಗಳು ದೊರೆತುವು; ಶಾಸನತಜ್ಞರಾದ ಡಿ.ಸಿ. ಸರ್ಕಾರ್ ಅವರು ಅವನ್ನು ಓದಿ ಪ್ರಕಟಿಸಿದರು. ಅವುಗಳಲ್ಲಿ ಒಂದು ಶಕ 848ರ, ಎಂದರೆ ಕ್ರಿ.ಶ. 926ರ, ಮೂರನೆಯ ಇಂದ್ರನ ಕಾಲದ್ದು. ಸಂಯಾನವೆಂದು ಆಗ ಕರೆಯುತ್ತಿದ್ದ ಸಂಜಾಣದ ಮಂಡಲವನ್ನು ಆಳುತ್ತಿದ್ದವನು ಮಧುಮತಿಯೆಂಬ ತಾಜಿಕನು. ಹೆಸರು ಸಂಸ್ಕೃತದ ವೇಷ ತೊಟ್ಟಿದ್ದರೂ ಇವನು ಮುಹಮ್ಮದನೆಂಬ ಅರಬ್ಬನು. ಅವನನ್ನು ಆ ಪದವಿಯಲ್ಲಿ ನಿಲ್ಲಿಸಿದವನು ಎರಡನೆಯ ಕೃಷ್ಣನು, ಎಂದರೆ ನೃಪತುಂಗನ ಮಗನು. ಈ ಮುಹಮ್ಮದನು ಎರಡು ಹೊಳೆಗಳಲ್ಲಿ ಹಣವಿಲ್ಲದೆ ದಾಟಿಸುವ ದೋಣಿಗಳನ್ನು ಇರಿಸಿದನೆಂದೂ, ಸಂಯಾನದಲ್ಲಿ ಅಕ್ಕಿಯ ಅನ್ನ, ಮೇಲೋಗರ, ತುಪ್ಪಗಳನ್ನು ಬಡಿಸುವ ಸತ್ರವನ್ನು ನಡೆಸಿದನೆಂದೂ, ಅನ್ನಯ್ಯನೆಂಬ ಬ್ರಾಹ್ಮಣನು ಕಟ್ಟಿಸಿದ ಮಠಕ್ಕೆ, ಅಲ್ಲಿಯ ಭಗವತಿಯ ನೈವೇದ್ಯಕ್ಕೂ ಬ್ರಾಹ್ಮಣರ ಊಟಕ್ಕೂ, ಅರಸನ ಒಪ್ಪಿಗೆಯಿಂದ ಗ್ರಾಮವನ್ನು ದತ್ತಿಯಾಗಿ ಬಿಟ್ಟನೆಂದೂ ಆ ತಾಮ್ರಪಟದಲ್ಲಿದೆ. ಮಾನ್ಯಖೇಟದ ಕನ್ನಡ ಅರಸನ ಕೈಕೆಳಗೆ, ಕೊಂಕಣದ ತೀರದಲ್ಲಿ, ಅರಬ್ಬ ಅಧಿಕಾರಿಯೊಬ್ಬನು ದೇವಿಯ ಮಠಕ್ಕೆ ಊರನ್ನು ಕೊಟ್ಟ ಈ ಘಟನೆಯನ್ನು ನಮ್ಮ ಶಾಲೆಯ ಪುಸ್ತಕಗಳಲ್ಲಿ ಮಕ್ಕಳು ಓದಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಇಂಥ ಶಾಸನಗಳನ್ನು ಓದಿ ಪ್ರಕಟಿಸುವ, ಅಂದು ಉದಕಮಂಡಲದಲ್ಲಿದ್ದ ಭಾರತ ಸರ್ಕಾರದ ಶಾಸನಶಾಖೆಯು 1966ರಲ್ಲಿ ಮೈಸೂರಿಗೆ ಬಂದಿತು. ಮಂಡಿ ಮೊಹಲ್ಲಾದಿಂದ ಕೆಲವೇ ಮೈಲಿಗಳ ಅಂತರದಲ್ಲಿ ಇಂದು ದೇಶದ ಸಾವಿರಾರು ಶಾಸನಗಳ ಪಡಿಯಚ್ಚುಗಳಿವೆ.

ಸಂಯಾನದ ಆ ದತ್ತಿಗೆ ಪ್ರತಿಯಾದ ದೃಷ್ಟಾಂತವನ್ನು ಗೋವೆಯ ಕದಂಬರು ಒದಗಿಸಿದ್ದಾರೆ. ಒಂದನೆಯ ಜಯಕೇಶಿಯ 1059ರ ಶಾಸನದಲ್ಲಿ, ಅರಬ್ಬ ವರ್ತಕ ಮನೆತನದ ಛಡ್ಡಮನು ಗೋವೆಯಲ್ಲಿ ಕಟ್ಟಿಸಿದ ಮಿಜಿಗಿತಿಯ, ಎಂದರೆ ಮಸೀದಿಯ, ಪಾಲನೆಗೆ ನಾನಾ ಕಡೆಗಳಿಂದ ಬರುವ ಹಡಗುಗಳಿಂದ ಎತ್ತುವ ಆದಾಯವನ್ನು ಗೊತ್ತುಮಾಡಲಾಗಿದೆ. ಅರಬ್ಬನು ಮಠಕ್ಕೆ ಕೊಟ್ಟನು. ಶಿವಭಕ್ತನಾದ ಕದಂಬ ದೊರೆ ಮಸೀದಿಗೆ ಆದಾಯ ಮಾಡಿಕೊಟ್ಟನು.

ಇದೆಲ್ಲವೂ ಕೇವಲ ಸೌಹಾರ್ದದಿಂದ ನಡೆಯಿತೆಂದು ಹೇಳಿದರೆ ಆ ವರ್ತಕರಿಗೇ ಅನ್ಯಾಯವಾದೀತು. ಅವರು ಕತ್ತಿ ಹಿಡಿದು ದಾರಿ ನಡೆದವರು. ಐನೂರ್ವರ ಬಿರುದುಗಳಲ್ಲಿ ಪರಾಕ್ರಮದ ಮಾತೇ ಹೆಚ್ಚು. ಮಾತಿಗೆ ತಪ್ಪಿದವನನ್ನು ದಂಡಿಸುವ ಶಕ್ತಿ ಸಂಘಕ್ಕಿತ್ತು. ಪರದೇಶದಲ್ಲಿ ಸಾಲ ಕೊಟ್ಟ ಹಣ ಮರಳಿ ಬರಬೇಕಾದರೆ, ಮಳೆಗಾಲ ಮುಗಿದು ಗಾಳಿ ತಿರುಗುವವರೆಗೆ ಸರಕು ಬೇರೆಯವರ ಉಗ್ರಾಣದಲ್ಲಿ ಸುರಕ್ಷಿತವಾಗಿ ಉಳಿಯಬೇಕಾದರೆ, ಆ ಊರಿನ ಹತ್ತು ಜನ ಇವನನ್ನು ತಮ್ಮವನೆಂದು ಸಾಕ್ಷಿ ನುಡಿಯಬೇಕಿತ್ತು. ಊರ ದೇವರಿಗೆ ಕೊಟ್ಟ ಪಾಲು, ಆ ಸಾಕ್ಷ್ಯವನ್ನು ಕಲ್ಲಿನ ಮೇಲೆ ಬರೆಸುವ ಉಪಾಯವೂ ಆಗಿತ್ತು. ಲಾಭದ ಆಲೋಚನೆಯಿಂದ ಹುಟ್ಟಿತೆಂಬ ಕಾರಣಕ್ಕೆ ಆ ಸಹಜೀವನದ ಬೆಲೆ ನನ್ನ ಕಣ್ಣಿನಲ್ಲಿ ಕುಗ್ಗುವುದಿಲ್ಲ. ಉಪದೇಶದಿಂದ ಹುಟ್ಟಿದ ಸ್ನೇಹಕ್ಕಿಂತ ದಿನದಿನದ ವ್ಯವಹಾರದಿಂದ ಹುಟ್ಟಿದ ಸ್ನೇಹವೇ ಬಹುಕಾಲ ಬಾಳುವುದನ್ನು ಪೇಟೆಯ ಬೀದಿಗಳಲ್ಲಿ ಬೆಳೆದವರು ಬಲ್ಲರು.

ಕಲ್ಲಿನ ಮೇಲೆ ಏನನ್ನೂ ಬರೆಸದೆ ಹೋದ ವರ್ತಕನೊಬ್ಬನ ಕಾಗದಗಳು ಮಾತ್ರ ಅದೃಷ್ಟದಿಂದ ಉಳಿದಿವೆ. ಉತ್ತರ ಆಫ್ರಿಕದ ಮಹ್ದಿಯದಲ್ಲಿ ಹುಟ್ಟಿದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿಯು ಏಡನ್ ಬಂದರಿನ ದಾರಿಯಿಂದ ಮಂಗಳೂರಿಗೆ ಬಂದು, 1132ರಿಂದ 1149ರವರೆಗಿನ ಕಾಲದ ಬಹುಭಾಗವನ್ನು, ಆಳುಪರ ಆಳ್ವಿಕೆಯಲ್ಲಿದ್ದ ಈ ತೀರದಲ್ಲಿಯೇ ಕಳೆದನು. ದೇವರ ಹೆಸರಿರಬಹುದಾದ ಕಾಗದವನ್ನು ನಾಶಮಾಡಬಾರದೆಂಬ ಯೆಹೂದಿಗಳ ಆಚಾರದಿಂದ ಅವನ ಪತ್ರಗಳೂ ಲೆಕ್ಕದ ಚೀಟಿಗಳೂ ಹಳೆಯ ಕೈರೋವಿನ ಬೆನ್ ಎಜ್ರಾ ಸಿನಗಾಗಿನ ಕೋಣೆಯಲ್ಲಿ ಏಳುನೂರು ವರ್ಷಕ್ಕೂ ಹೆಚ್ಚು ಕಾಲ ಉಳಿದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೇಂಬ್ರಿಜ್ ಮೊದಲಾದ ಸಂಗ್ರಹಗಳಿಗೆ ಹರಿದುಹೋದುವು. ವಿದ್ವಾಂಸರಾದ ಎಸ್.ಡಿ. ಗೋಯ್ಟೈನ್ ಅವರ ದೀರ್ಘ ಪರಿಶ್ರಮದಿಂದ ಅವು ಓದಲು ದೊರೆತುವು.

ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ ಮಂಗಳೂರಿನಿಂದ ಏಡನ್ನಿಗೆ ಹೋಗುತ್ತಿದ್ದುವು. ಅಲ್ಲಿಂದ ತಾಮ್ರ ಬರುತ್ತಿತ್ತು, ಒಡೆದ ಹಳೆಯ ಪಾತ್ರೆಗಳೂ ಬರುತ್ತಿದ್ದುವು. ಏಕೆಂದರೆ ಬೆನ್ ಯಿಜು ಇಲ್ಲಿ ಕಂಚುಗಾರರನ್ನು ಕೂಡಿಸಿ ಕಾರ್ಖಾನೆಯೊಂದನ್ನು ನಡೆಸುತ್ತಿದ್ದನು. ಇಂಥ ತಟ್ಟೆ ಬೇಕು, ಇಷ್ಟು ತೂಕದ ಪಾತ್ರೆ ಬೇಕು, ಬೀಗ ಹೀಗಿರಬೇಕು ಎಂದು ಏಡನ್ನಿನ ಗಿರಾಕಿಗಳು ವಿವರವಾಗಿ ಬರೆಯುತ್ತಿದ್ದರು. ತುಳುನಾಡಿನ ಕಂಚುಗಾರರು ಮಾಡಿದ ಪಾತ್ರೆಯಲ್ಲಿ ಏಡನ್ನಿನವರು ಉಂಡರೆಂಬುದು ಅರಸರ ದಿಗ್ವಿಜಯಗಳಿಗಿಂತ ನನಗೆ ಹೆಚ್ಚಿನ ಸಂತೋಷವನ್ನು ಕೊಡುತ್ತದೆ. ಮಂಗಳೂರಿನಲ್ಲಿ ಒಳ್ಳೆಯ ಕಾಗದ ಸಿಗದೆಂದು ಬಲ್ಲ ಸ್ನೇಹಿತರು ಕಾಗದವನ್ನೂ, ಒಣದ್ರಾಕ್ಷಿ, ಸಕ್ಕರೆಗಳನ್ನೂ ಉಡುಗೊರೆಯಾಗಿ ಕಳುಹಿಸುತ್ತಿದ್ದರು.

ಆ ಪತ್ರಗಳಲ್ಲಿ ಬೆನ್ ಯಿಜುವಿನ ಆಳೊಬ್ಬನ ಹೆಸರು ಮತ್ತೆ ಮತ್ತೆ ಬರುತ್ತದೆ. ಅರಬ್ಬೀ ಮಾತನ್ನು ಹೀಬ್ರೂ ಲಿಪಿಯಲ್ಲಿ ಬರೆದುದರಿಂದ ಸ್ವರಗಳು ಅಸ್ಪಷ್ಟವಾಗಿ ಹೆಸರನ್ನು ಓದುವುದು ಕಷ್ಟವಾಗಿತ್ತು; ಅಮಿತಾವ್ ಘೋಷ್ ಅವರು 1992ರಲ್ಲಿ ಪ್ರಕಟಿಸಿದ ಗ್ರಂಥಕ್ಕಾಗಿ ಶೋಧಿಸುತ್ತಿದ್ದಾಗ, ತುಳು ಜಾನಪದದ ವಿದ್ವಾಂಸರಾದ ಬಿ.ಎ. ವಿವೇಕ ರೈ ಅವರ ನೆರವಿನಿಂದ ಅದು ‘ಬೊಮ್ಮ’ ಎಂದು ತಿಳಿದುಬಂದಿತು. ಬೊಮ್ಮನು ಯಜಮಾನನ ಸರಕನ್ನು ಹೊತ್ತ ಹಡಗಿನಲ್ಲಿ ಏಡನ್ನಿಗೆ ಹೋಗಿ ವ್ಯವಹಾರ ನಡೆಸಿ ಬರುತ್ತಿದ್ದನು. ಏಡನ್ನಿನ ದೊಡ್ಡ ವರ್ತಕರು ತಮ್ಮ ಪತ್ರಗಳಲ್ಲಿ ಅವನಿಗೆ ಸಹೋದರನೆಂಬ ಮಾತಿನಿಂದ ವಂದನೆಗಳನ್ನು ಬರೆದಿದ್ದಾರೆ. ದಾಸ್ಯವೆಂಬುದು ಆ ಕಾಲದ ವ್ಯಾಪಾರದ ಒಂದು ಭಾಗವಾಗಿತ್ತೆಂಬ ಕಹಿಸತ್ಯವನ್ನು ಈ ವಂದನೆಗಳು ಅಳಿಸಲಾರವು.

ಬೆನ್ ಯಿಜು 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ವಿಮೋಚನಪತ್ರವನ್ನು ಬರೆದನು. ಅವನ ಲೆಕ್ಕಗಳಲ್ಲಿ ನಾಯರನೊಬ್ಬನು ಭಾವಮೈದುನನೆಂದು ನಮೂದಾಗಿರುವುದರಿಂದ, ಆಕೆಯೇ ಅವನ ಮಡದಿಯೆಂದೂ ಅವನ ಮಕ್ಕಳ ತಾಯಿಯೆಂದೂ ವಿದ್ವಾಂಸರು ಊಹಿಸುತ್ತಾರೆ. 1149ರಲ್ಲಿ ಅವನು ಮಕ್ಕಳನ್ನು ಕರೆದುಕೊಂಡು ಏಡನ್ನಿಗೆ ಮರಳಿದನು. ಅಲ್ಲಿಂದ ಸೋದರರಿಗೆ ಬರೆದ ಪತ್ರದಲ್ಲಿ ಮಕ್ಕಳ ಮಾತಿದೆ, ಆಕೆಯ ಮಾತಿಲ್ಲ. ನೇತ್ರಾವತಿಯ ತೀರದಲ್ಲಿ ಬರೆದ ಆ ವಿಮೋಚನಪತ್ರವು ಈಗ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ಹಸ್ತಪ್ರತಿ ಸಂಗ್ರಹದಲ್ಲಿದೆ. ಅದರ ಪ್ರತಿಯೊಂದನ್ನು ತರಿಸಿ, ಕನ್ನಡದ ಮತ್ತು ತುಳುವಿನ ಅನುವಾದಗಳೊಡನೆ ಮಂಗಳೂರಿನಲ್ಲಿ ಜನರ ಕಣ್ಣಿಗೆ ಕಾಣುವಂತೆ ಇರಿಸುವ ಕೆಲಸವನ್ನು ನಮ್ಮ ವಿಶ್ವವಿದ್ಯಾನಿಲಯಗಳು ಕೈಗೊಳ್ಳಬೇಕು.